ತಲೆಬುರುಡೆಯ ಗಂಟು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಆರೋಗ್ಯ ಚರಿತ್ರೆಗೊಂದು ಟಿಪ್ಪಣಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಪ್ರಾಚೀನ ಜನಜೀವನವನ್ನು ನಾವು ಅರಿತದ್ದು ಬಹುಮಟ್ಟಿಗೆ ನೆಲದಡಿಯ ಕುರುಹುಗಳಿಂದ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ 1952ರಲ್ಲಿ, ಮಸ್ಕಿಯಲ್ಲಿ ಬಿ. ಕೆ. ಥಾಪರ್ 1954ರಲ್ಲಿ ನಡೆಸಿದ ಉತ್ಖನನಗಳಲ್ಲಿ ಮಾನವ ಅಸ್ಥಿಗಳೂ ದೊರೆತವು. ಮೂಳೆಯು ರೋಗದ ಗುರುತನ್ನು ಉಳಿಸಿಕೊಳ್ಳಬಲ್ಲುದು. ರೋಗಿಯನ್ನು ಎಲ್ಲಿಗೆ ಕರೆದೊಯ್ದರು, ಎಷ್ಟು ಕಾಲ ಕಾದರು ಎಂಬುದನ್ನು ಹೇಳಲಾರದು. ಅದು ಮೌಖಿಕ ಪರಂಪರೆಯ ಕೆಲಸ. ತಲೆಬುರುಡೆಗೆ ಹಬ್ಬುವ ಮಿದುಳಿನ ಗಡ್ಡೆಯ ನಿದರ್ಶನದಿಂದ ಈ ಮಾತನ್ನು ಪರಿಶೀಲಿಸಬಹುದು.

ಮಿದುಳನ್ನು ಸುತ್ತಿದ ಪೊರೆಯಲ್ಲಿ ಹುಟ್ಟುವ ಗಡ್ಡೆಗೆ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1922ರಲ್ಲಿ 'ಮೆನಿಂಜಿಯೋಮ' ಎಂದು ಹೆಸರಿಟ್ಟರು. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಕೆಲವು ಮೂಳೆಯನ್ನು ಹೊಕ್ಕು ದಪ್ಪಗೊಳಿಸುತ್ತವೆ. ಆಗ ತಲೆಯ ಮೇಲೆ ಗಟ್ಟಿಯಾದ ಉಬ್ಬು ಕೈಗೆ ಸಿಗುತ್ತದೆ. ಡೊನಾಲ್ಡ್ ಸಿಂಪ್ಸನ್ 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಡ್ಡೆಯೊಡನೆ ಅದು ಅಂಟಿದ ಪೊರೆಯನ್ನೂ ರೋಗಗ್ರಸ್ತ ಮೂಳೆಯನ್ನೂ ತೆಗೆದವರಲ್ಲಿ ಶೇ. 9ರಷ್ಟು ಮಂದಿಗೆ ಮಾತ್ರ ರೋಗ ಮರುಕಳಿಸಿತ್ತು. ಭಾಗಶಃ ತೆಗೆದವರಲ್ಲಿ ಈ ಪ್ರಮಾಣ ಸುಮಾರು ಶೇ. 40. ನೆತ್ತಿಯ ಮೂಳೆಯನ್ನು ತೆಗೆದು ಬದಲಿ ಫಲಕ ಕೂರಿಸಬಹುದು. ಬುರುಡೆಯ ತಳದಲ್ಲಿ ನರಗಳೂ ರಕ್ತನಾಳಗಳೂ ಹಾಯುವುದರಿಂದ ಪೂರ್ತಿ ತೆಗೆಯುವುದು ಕಷ್ಟ. ಗಡ್ಡೆ ಬೆಳೆದಷ್ಟೂ ದೃಷ್ಟಿ, ಕೈಕಾಲುಗಳ ಬಲ ಕುಂದುವ ಸಂಭವ ಹೆಚ್ಚು. ಆದ್ದರಿಂದ ಇಲ್ಲಿ ಕಾಲವೇ ಮುಖ್ಯ.

ಆ ಕಾಲವನ್ನು ಈ ಸೀಮೆಯಲ್ಲಿ ನಿರ್ಧರಿಸಿದ್ದು ಯಾವುದು? 1948ರವರೆಗೆ ಇದು ನಿಜಾಮರ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಸಿಂಧನೂರಿನಿಂದ ಅಲ್ಲಿಗೆ ಸುಮಾರು 400 ಕಿ.ಮೀ. ದಾರಿ. ರಾಯಚೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2007ರಲ್ಲಿ. ಬಡ ಕುಟುಂಬಗಳಿಗೆ ನರರೋಗ, ಕ್ಯಾನ್ಸರ್ ಮೊದಲಾದವುಗಳ ದುಬಾರಿ ಚಿಕಿತ್ಸೆಯನ್ನು ಉಚಿತಗೊಳಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಗುಲಬರ್ಗಾ ವಿಭಾಗದಲ್ಲಿ ಆರಂಭವಾಯಿತು.

ಈ ಕಾಲಕ್ರಮವನ್ನು ಮರೆತು ಲೇಪ, ಹರಕೆ, ಬರೆಗಳನ್ನಷ್ಟೇ ದಾಖಲಿಸಿ, 'ಮೂಢನಂಬಿಕೆಯಿಂದ ವಿಳಂಬ' ಎಂದು ಷರಾ ಬರೆಯುವುದು ನಮ್ಮ ಸಂಶೋಧನೆಯ ದೋಷ. ಬರೆಯು ಗಡ್ಡೆಯನ್ನು ಕರಗಿಸದು, ಗಾಯವನ್ನಷ್ಟೇ ಉಳಿಸುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ತಲೆಯ ಗಂಟುಗಳೆಲ್ಲ ಇಂಥ ಗಡ್ಡೆಗಳೂ ಅಲ್ಲ. ನೋವಿಲ್ಲದ ಉಬ್ಬನ್ನು ಮನೆಯವರು ಹಗುರವಾಗಿ ಎಣಿಸಿದ್ದರೆ ಅದು ಸಹಜವೇ. ಆದರೆ ಹರಕೆ ಹೊತ್ತವರೆಲ್ಲ ಆಸ್ಪತ್ರೆಯನ್ನು ನಿರಾಕರಿಸಿದವರಲ್ಲ. ದಾರಿಯ ಖರ್ಚು ಹೊಂದುವವರೆಗೆ ಹರಕೆಯೊಂದೇ ಆಸರೆಯಾಗಿದ್ದಿರಬಹುದು.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ 'ಯಾವ ಮದ್ದು ಮಾಡಿದಿರಿ' ಎಂಬ ಪ್ರಶ್ನೆಯೊಡನೆ, ಉಬ್ಬು ಮೊದಲು ಕಂಡದ್ದು ಯಾವಾಗ, ಯಾವ ಊರಿಗೆ ಹೋದಿರಿ, ಹಣ ಹೇಗೆ ಹೊಂದಿತು, ಶಸ್ತ್ರಚಿಕಿತ್ಸೆ ಎಷ್ಟು ತಡವಾಯಿತು ಎಂಬವೂ ಸೇರಬೇಕು. ವಕ್ತೃಗಳು ಇಸವಿ ಹೇಳದಿದ್ದರೂ ಬರಗಾಲ, ಕಾಲುವೆಗೆ ನೀರು ಬಂದ ವರ್ಷ, ಮಗಳ ಮದುವೆಗಳನ್ನು ಆಧಾರವಾಗಿಟ್ಟು ಕಾಲವನ್ನು ನಿರ್ಣಯಿಸಬಹುದು. ಮೂಳೆ ಹೇಳದೆ ಬಿಟ್ಟ ಚರಿತ್ರೆ ಆ ನೆನಪುಗಳಲ್ಲಿದೆ.