ಬರಹದಲ್ಲಿ ಚೋಲ್ಮೊಂಡೆಲಿ, ಮಾತಿನಲ್ಲಿ ಚಮ್ಲಿ: ಒಂದು ವಿರಳ ಇಂಗ್ಲಿಷ್ ಕುಲನಾಮದ ಚರಿತ್ರೆ

ಇಂಗ್ಲೆಂಡಿನ ವಿರಳ ಕುಲನಾಮವೊಂದನ್ನು ಬರೆದಂತೆ ಓದಿದರೆ 'ಚೋಲ್ಮೊಂಡೆಲಿ' ಎಂದಾಗುತ್ತದೆ. ಆ ಮನೆತನದವರು ಅದನ್ನು 'ಚಮ್ಲಿ' ಎಂದು ಉಚ್ಚರಿಸುತ್ತಾರೆ. ಈ ಅಂತರವನ್ನು ಕಾಗುಣಿತದ ವೈಚಿತ್ರ್ಯವೆಂದೋ ಉಚ್ಚಾರಣೆಯ ಅಪಭ್ರಂಶವೆಂದೋ ತಳ್ಳಿಹಾಕುವುದುಂಟು. ಎರಡೂ ರೂಪಗಳು ಭಿನ್ನ ಕಾಲಗಳ ಸಾಕ್ಷ್ಯಗಳೆಂದೂ, ಅವುಗಳನ್ನು ಬೆಸೆಯುವ ಕೊಂಡಿ 'ತಪ್ಪು' ಎನಿಸುವ ಕಾಗುಣಿತಗಳಲ್ಲಿದೆಯೆಂದೂ ನಾವು ಇಲ್ಲಿ ವಾದಿಸುತ್ತೇವೆ.

ಈ ಕುಲನಾಮದ ಮೂಲ ಚೆಷೈರ್ ಕೌಂಟಿಯ ಅದೇ ಹೆಸರಿನ ಊರು. ಹಳೆಯ ಇಂಗ್ಲಿಷಿನ 'ಚೆಓಲ್ಮುಂಡ್' ಎಂಬ ವ್ಯಕ್ತಿನಾಮಕ್ಕೆ, ಕಾಡು ಅಥವಾ ಕಾಡಿನ ನಡುವಣ ಬಯಲು ಎಂಬರ್ಥದ 'ಲೇಅಹ್' ಸೇರಿ ಸ್ಥಳನಾಮವಾಯಿತು. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಅದು 'ಕಲ್ಮುಂಡೆಲೆಯ್' ಎಂದು ಓದಬಹುದಾದ ರೂಪದಲ್ಲಿದೆ. ಅಲ್ಲಿನ ಮೊದಲ ವರ್ಣವು ಚಕಾರವನ್ನೇ ಸೂಚಿಸುತ್ತದೆ; ಚೆಸ್ಟರ್ ನಗರದ ಹೆಸರೂ ಆ ದಾಖಲೆಯಲ್ಲಿ ಹಾಗೆಯೇ ಬರೆಯಲ್ಪಟ್ಟಿದೆ.

ಮುಂದಿನ ಪರಿವರ್ತನೆ ನಿಯಮಬದ್ಧವಾದುದು. ಸ್ವರಾಘಾತವು ಪದಾದಿಯಲ್ಲಿ ನೆಲೆಗೊಂಡುದರಿಂದ ನಡುವಣ ಅಕ್ಷರಗಳು ದುರ್ಬಲಗೊಂಡವು. 'ಮುಂಡ್' ಭಾಗದಲ್ಲಿ ಮಕಾರವೊಂದೇ ಉಳಿಯಿತು. ಮಕಾರದ ಹಿಂದಿನ ಲಕಾರವೂ, 'ಪಾಮ್', 'ಹಾಫ್' ಪದಗಳಲ್ಲಿ ಆದಂತೆ, ಮಾತಿನಲ್ಲಿ ಲೋಪವಾಯಿತು.

ಈ ಹಂತಗಳನ್ನು ಕಾಗುಣಿತಗಳೇ ತೋರಿಸುತ್ತವೆ. 1565ರಲ್ಲಿ ಲಂಡನ್ನಿನ ಹೈಗೇಟ್ ಶಾಲೆಯನ್ನು ಸ್ಥಾಪಿಸಿದ ನ್ಯಾಯಾಧೀಶ ಸರ್ ರೋಜರ್ ಅವರ ಕುಲನಾಮ 'ಚೋಲ್ಮೆಲಿ' ಎಂದು ಪ್ರಚಲಿತವಾಗಿದೆ. ಅದರಲ್ಲಿ ನಕಾರ, ಡಕಾರಗಳಿಲ್ಲ. ಯಾರ್ಕ್‌ಷೈರಿನ ವಿಟ್ಬಿ ಶಾಖೆಯ 'ಚೋಲ್ಮ್ಲಿ' ರೂಪದಲ್ಲಿ ನಡುವಣ ಸ್ವರವೂ ಇಲ್ಲ. 'ಚಮ್ಲಿ' ಎಂದೇ ಬರೆಯುವ ರೂಪದಲ್ಲಿ ಲಕಾರವನ್ನೂ ಕೈಬಿಡಲಾಗಿದೆ. ಇಲ್ಲಿ ಒಂದು ವಿವೇಚನೆ ಅಗತ್ಯ. ಬರಹದಲ್ಲಿ ಉಳಿದ ವರ್ಣವು ಮಾತಿನಲ್ಲಿಯೂ ಉಳಿದಿತ್ತೆನ್ನಲು ಆಧಾರವಾಗದು. ಬರಹದಿಂದ ಬಿಟ್ಟುಹೋದ ವರ್ಣವಾದರೋ ಲೋಪಕ್ಕೆ ಬಲವಾದ ಆಧಾರ.

ಹಾಗಿದ್ದರೆ ದೀರ್ಘ ರೂಪ ಉಳಿದುದೇಕೆ? 1706ರ ಅರ್ಲ್ ಪದವಿಯೂ 1815ರ ಮಾರ್ಕ್ವೆಸ್ ಪದವಿಯೂ ಅದೇ ರೂಪವನ್ನು ಹೊತ್ತಿವೆ. ಪದವಿಯ ಹೆಸರಾದ ಮೇಲೆ ಕಾಗುಣಿತಕ್ಕೆ ಧ್ವನಿಯನ್ನು ಹಿಂಬಾಲಿಸುವ ಒತ್ತಡ ಉಳಿಯಲಿಲ್ಲ. ಬರಹ-ಮಾತುಗಳ ಅಂತರವು ಬಲ್ಲವರನ್ನೂ ಹೊರಗಿನವರನ್ನೂ ಬೇರ್ಪಡಿಸುವ ಸಾಮಾಜಿಕ ಗುರುತಾಯಿತು.

ದೀರ್ಘ ರೂಪವಿಲ್ಲದೆ 'ಚಮ್ಲಿ'ಯಿಂದ ಚೆಓಲ್ಮುಂಡನನ್ನು ತಲುಪುವುದು ದುಸ್ಸಾಧ್ಯ. ಹ್ರಸ್ವ ರೂಪಗಳಿಲ್ಲದೆ ಧ್ವನಿಪರಿವರ್ತನೆಯ ಹಾದಿಯೇ ಕಾಣದು. ಆದುದರಿಂದ ಕುಲನಾಮಗಳ ದತ್ತಸಂಚಯವನ್ನು ರೂಪಿಸುವಾಗ ಭಿನ್ನ ಕಾಗುಣಿತಗಳನ್ನು ಒಂದೇ 'ಶುದ್ಧ' ರೂಪಕ್ಕೆ ಇಳಿಸುವುದೆಂದರೆ, ಚರಿತ್ರೆಯನ್ನು ಕಟ್ಟಲು ಬೇಕಾದ ಸಾಕ್ಷ್ಯವನ್ನೇ ಅಳಿಸಿದಂತೆ.