ಹತ್ತಿ, ದಾಳಿಂಬೆ ಮತ್ತು ಕಣ್ಣಿಗೆ ಕಾಣದ ಹಗೆ

ತುಂಗಭದ್ರೆಯ ಬಲದಂಡೆಯ ಹಡಗಲಿ, ಹರಪನಹಳ್ಳಿಗಳಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳ ಮಾರ್ಗವಾಗಿ ಕೂಡ್ಲಿಗಿಯವರೆಗೆ ಹಬ್ಬಿರುವ ಸೀಮೆಯು ಮಳೆಯ ವಿಷಯದಲ್ಲಿ ಭಾಗ್ಯಶಾಲಿಯಲ್ಲ. ೧೮೦೦ ರಲ್ಲಿ ನಿಜಾಮನಿಂದ ಕಂಪನಿ ಸರಕಾರದ ವಶವಾಗಿ, ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ೧೯೫೩ ರಲ್ಲಿ ಮೈಸೂರು ಸಂಸ್ಥಾನದೊಡನೆ ಕೂಡಿ, ೨೦೨೧ ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾದ ಈ ಸೀಮೆಯ ಚರಿತ್ರೆಯಲ್ಲಿ ಅರಸರ ಹೆಸರುಗಳಿಗಿಂತ ಬರಗಾಲಗಳ ಹೆಸರುಗಳೇ ಜನರ ಬಾಯಲ್ಲಿ ಹೆಚ್ಚು ಕಾಲ ಉಳಿದವು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು ೧೮೭೬ ರಿಂದ ೧೮೭೮ ರ ವರೆಗೆ ಬಳ್ಳಾರಿ ಜಿಲ್ಲೆಯನ್ನು ಹಿಂಡಿತು. ಬೆಳೆಯ ನಾಶವೆಂದರೆ ಮಳೆಯ ಅಭಾವವೆಂದೇ ಇಲ್ಲಿಯ ಒಕ್ಕಲಿಗನು ತಿಳಿದಿದ್ದುದು ಸಹಜವೇ ಸರಿ. ಆದರೆ ಮಳೆಯು ಬಂದಾಗಲೇ, ಮಳೆಯ ಹನಿಯನ್ನೇ ವಾಹನವಾಗಿ ಮಾಡಿಕೊಂಡು ಬರುವ ಮತ್ತೊಂದು ಹಗೆಯುಂಟು. ಅದರ ಪರಿಚಯವು ಮನುಷ್ಯನಿಗೆ ಆದುದು ಬಹು ತಡವಾಗಿ.

ಆ ಕ್ಷಾಮವು ಮುಗಿಯುತ್ತಿದ್ದ ೧೮೭೮ ರಲ್ಲಿಯೇ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಥಾಮಸ್ ಬರಿಲ್ ಎಂಬ ಪಂಡಿತನು ರೋಗ ಹಿಡಿದ ಪೇರುಮರದ ರಸವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಗಳನ್ನು ಕಂಡನು. ಬೆಂಕಿ ತಗುಲಿದಂತೆ ಕೊಂಬೆಗಳು ಕರಿದಾಗಿ ಸಾಯುತ್ತಿದ್ದ ಆ ಬೇನೆಗೆ ಬಿಸಿಲು, ಸಿಡಿಲು, ನೆಲದ ದೋಷ ಮೊದಲಾದ ನಾನಾ ಕಾರಣಗಳನ್ನು ಜನರು ಹೇಳುತ್ತಿದ್ದರು. ಬರಿಲನು ರೋಗದ ರಸವನ್ನು ಆರೋಗ್ಯವಾದ ಮರಕ್ಕೆ ಚುಚ್ಚಿ ರೋಗವನ್ನು ಹುಟ್ಟಿಸಿ ತೋರಿಸಿದನು. ಪಾಶ್ಚರ್, ಕೋಖ್ ಎಂಬ ಮಹನೀಯರು ದನಕರುಗಳ ಮತ್ತು ಮನುಷ್ಯರ ರೋಗಗಳಲ್ಲಿ ಸೂಕ್ಷ್ಮಜೀವಿಗಳ ಕೈವಾಡವನ್ನು ಸಿದ್ಧಪಡಿಸುತ್ತಿದ್ದ ಕಾಲವದು. ಆದರೂ ಸಸ್ಯಗಳ ವಿಷಯದಲ್ಲಿ ಪಂಡಿತರ ಸಂಶಯವು ಬೇಗನೆ ತೊಲಗಲಿಲ್ಲ. ಸಸ್ಯದ ಪ್ರತಿಯೊಂದು ಜೀವಕೋಶಕ್ಕೂ ಗಟ್ಟಿಯಾದ ಗೋಡೆಯಿರುವಾಗ ಇವು ಒಳಹೊಗುವುದೆಂತು ಎಂದು ಜರ್ಮನಿಯ ಆಲ್‌ಫ್ರೆಡ್ ಫಿಷರ್ ೧೮೯೭ ರಲ್ಲಿ ಆಕ್ಷೇಪಿಸಿದನು. ಅಮೆರಿಕದ ಅರ್ವಿನ್ ಸ್ಮಿತ್ ೧೮೯೯ ರಿಂದ ೧೯೦೧ ರ ವರೆಗೆ ಪ್ರಯೋಗಗಳ ಆಧಾರದಿಂದ ಒಂದೊಂದಾಗಿ ಉತ್ತರಗಳನ್ನಿತ್ತು ಆ ವಾದವನ್ನು ಖಂಡಿಸಿದನು. ಹತ್ತಿಯ ಎಲೆಗಳಲ್ಲಿ ಮೂಲೆಮೂಲೆಯಾದ ಚುಕ್ಕೆಗಳನ್ನೂ ಕೊಂಬೆಗಳಲ್ಲಿ ಕಪ್ಪು ಕಲೆಗಳನ್ನೂ ಉಂಟುಮಾಡುವ ಬ್ಯಾಕ್ಟೀರಿಯಕ್ಕೆ ೧೯೦೧ ರಲ್ಲಿ ಹೆಸರಿಟ್ಟವನೂ ಆತನೇ. ಆಂಗ್ಲರು ‘ಕರಿಯ ತೋಳು’ ಎಂದು ಕರೆದ ರೋಗವು ಇದೇ.

ಈ ಜೀವಿಗಳಿಗೆ ಗೋಡೆಯನ್ನು ಕೊರೆಯುವ ಸಾಮರ್ಥ್ಯವು ಶಿಲೀಂಧ್ರಗಳಿಗಿರುವಂತೆ ಇಲ್ಲ. ತೆರೆದ ಬಾಗಿಲನ್ನೇ ಇವು ಹುಡುಕುತ್ತವೆ. ಎಲೆಯು ಉಸಿರಾಡುವ ಪತ್ರರಂಧ್ರ, ಎಲೆಯಂಚಿನಲ್ಲಿ ನೀರು ಒಸರುವ ಕಿಂಡಿ, ಗಾಳಿಗೆ ಮುಳ್ಳು ತಾಗಿ ಆದ ಗೀರು, ಹುಳು ಕಚ್ಚಿದ ಗಾಯ, ಕತ್ತರಿಯಿಂದ ಸವರಿದ ಕೊಂಬೆಯ ತುದಿ, ಇವೆಲ್ಲ ಅವುಗಳ ಹಾದಿಗಳು. ಎಲೆಯ ಮೇಲೆ ತೆಳುವಾದ ನೀರಿನ ಪೊರೆಯೊಂದಿದ್ದರೆ ಅದರಲ್ಲಿ ಈಜಿ ಒಳಸೇರುತ್ತವೆ. ಒಳಗೆ ಅಂಟಾದ ಲೋಳೆಯನ್ನು ಸುರಿಸಿ, ಅದರ ಮರೆಯಲ್ಲಿ ವಂಶವನ್ನು ವೃದ್ಧಿಪಡಿಸಿಕೊಳ್ಳುತ್ತವೆ. ಅಲ್ಲದೆ ಸೂಜಿಯಂತಹ ನಳಿಗೆಯೊಂದರಿಂದ ತಮ್ಮ ಸಸಾರಜನಕ ದ್ರವ್ಯಗಳನ್ನು ಸಸ್ಯದ ಕೋಶದೊಳಕ್ಕೆ ಸೇರಿಸಿ, ಕಾವಲುಗಾರನಿಗೆ ಮದ್ದಿಕ್ಕುವ ಕಳ್ಳನಂತೆ, ಅದರ ಎಚ್ಚರವನ್ನು ಕೆಡಿಸುತ್ತವೆ. ಈ ಕಡೆಯ ಮರ್ಮವು ಬೆಳಕಿಗೆ ಬಂದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಓಡಿಹೋಗಲಾರದ ಸಸ್ಯವು ಇದನ್ನೆಲ್ಲ ಸುಮ್ಮನೆ ಸಹಿಸಿಕೊಂಡಿರುವುದೆಂದು ಮಾತ್ರ ಎಣಿಸಬಾರದು. ಅದಕ್ಕೆ ರಕ್ತವಿಲ್ಲ, ರಕ್ತದಲ್ಲಿ ಸಂಚರಿಸುವ ಕಾವಲು ಕಣಗಳಿಲ್ಲ. ಆದುದರಿಂದ ಪ್ರತಿಯೊಂದು ಕೋಶವೂ ತಾನೇ ಕೋಟೆ, ತಾನೇ ಸೈನಿಕ. ಬ್ಯಾಕ್ಟೀರಿಯದ ಬಾಲದಂತಹ ಕಶದ ಅಂಶವನ್ನು ಗುರುತಿಸಿ, ಸಸ್ಯವು ರಂಧ್ರಗಳ ಬಾಗಿಲನ್ನು ಮುಚ್ಚುತ್ತದೆ. ಕೋಶದ ಗೋಡೆಯನ್ನು ದಪ್ಪವಾಗಿಸುತ್ತದೆ. ವೈರಿಗೆ ವಿಷವಾಗುವ ರಸಗಳನ್ನು ಸಿದ್ಧಗೊಳಿಸುತ್ತದೆ. ಅಷ್ಟರಿಂದಲೂ ಸಾಲದಾದಾಗ ಮುತ್ತಿಗೆಗೊಳಗಾದ ಕೋಶಗಳು ತಾವಾಗಿಯೇ ಸತ್ತು ಹಗೆಯನ್ನು ಅಲ್ಲಿಯೇ ಕಟ್ಟಿಹಾಕುತ್ತವೆ. ಕಣದಲ್ಲಿ ಒಂದು ಬಣವೆಗೆ ಬೆಂಕಿ ಬಿದ್ದಾಗ ಪಕ್ಕದ ಬಣವೆಯನ್ನು ತಾವೇ ಕೆಡವಿ ಉಳಿದುವನ್ನು ಕಾಪಾಡುವ ಒಕ್ಕಲುಮಕ್ಕಳ ಉಪಾಯವನ್ನು ಇದು ಹೋಲುವುದು. ಆದರೆ ಶತ್ರುವಿನ ಗುರುತು ಹಿಡಿದಾಗಲೇ ಈ ತ್ಯಾಗವು ಫಲಿಸುತ್ತದೆ. ಆ ಗುರುತು ವಂಶಪಾರಂಪರ್ಯವಾಗಿ ಬರತಕ್ಕದ್ದು.

ಆ ವಂಶದ ಬಲವೇನೆಂಬುದಕ್ಕೆ ಹತ್ತಿಯ ಚರಿತ್ರೆಯೇ ಸಾಕ್ಷಿ. ಬಳ್ಳಾರಿ ಸೀಮೆಯ ಎರೆಭೂಮಿಯಲ್ಲಿ ಪೂರ್ವದಿಂದ ಬೆಳೆಯುತ್ತ ಬಂದುದು ಜವಾರಿ ಹತ್ತಿ. ಬಳ್ಳಾರಿಯ ಸಮೀಪದ ಹಗರಿಯಲ್ಲಿ ೧೯೦೬ ರಲ್ಲಿ ಸ್ಥಾಪಿತವಾದ ಕೃಷಿಕ್ಷೇತ್ರದಲ್ಲಿ ಈ ಹತ್ತಿಯಿಂದಲೇ ಆರಿಸಿ ಉತ್ತಮ ತಳಿಯನ್ನು ತೆಗೆದರು. ಎಳೆ ಗಿಡ್ಡ, ಇಳುವರಿ ಅಲ್ಪ. ಆದರೆ ಕರಿಯ ತೋಳಿನ ರೋಗವು ಅದನ್ನು ಬಹುಮಟ್ಟಿಗೆ ಮುಟ್ಟುತ್ತಿರಲಿಲ್ಲ. ಗಿರಣಿಗಳು ಬಯಸಿದ ಉದ್ದನೆಯ ಎಳೆಗಾಗಿ ಅಮೆರಿಕದ ಜಾತಿಯ ಹತ್ತಿಗಳು ಕನ್ನಡನಾಡಿಗೆ ಬಂದವು. ಅವುಗಳಿಗೆ ಈ ರೋಗವನ್ನು ತಡೆಯುವ ಶಕ್ತಿಯು ಕಡಿಮೆಯಾಗಿದ್ದಿತು. ಇತ್ತ ಆಫ್ರಿಕದ ಸೂಡಾನಿನಲ್ಲಿ ಇದೇ ಬೇನೆಯಿಂದ ಹತ್ತಿಯು ಹಾಳಾಗುತ್ತಿರಲು, ನೈಟ್ ಮತ್ತು ಕ್ಲೌಸ್ಟನ್ ಎಂಬ ವಿಜ್ಞಾನಿಗಳು ರೋಗನಿರೋಧದ ಗುಣವು ತಂದೆತಾಯಿ ಗಿಡಗಳಿಂದ ಸಂತಾನಕ್ಕೆ ನಿಯಮಬದ್ಧವಾಗಿ ಇಳಿಯುವುದನ್ನು ೧೯೩೯ ರಲ್ಲಿ ಪ್ರಕಟಿಸಿದರು. ಮುಂದೆ ನೈಟನು ಅಂತಹ ಗುಣವೊಂದನ್ನು ಏಷ್ಯದ ಜವಾರಿ ಜಾತಿಯ ಹತ್ತಿಯಿಂದಲೇ ಪಡೆದು ಹೊಸ ಹತ್ತಿಗಳಿಗೆ ಸೇರಿಸಿದನು. ಕೀಳೆಂದು ತಳ್ಳಲ್ಪಟ್ಟ ಹತ್ತಿಯು ಮೇಲೆನಿಸಿಕೊಂಡ ಹತ್ತಿಗೆ ಪ್ರಾಣದಾನ ಮಾಡಿತೆನ್ನಬೇಕು. ಅದೇ ಕಾಲಕ್ಕೆ ಅಮೆರಿಕದ ಫ್ಲೋರ್ ಎಂಬಾತನು ಅಗಸೆಯ ತುಕ್ಕುರೋಗವನ್ನು ಪರೀಕ್ಷಿಸಿ, ಸಸ್ಯದ ಒಂದೊಂದು ರಕ್ಷಕ ಗುಣಕ್ಕೂ ರೋಗಜೀವಿಯಲ್ಲಿ ಸರಿಜೋಡಿಯಾದ ಗುಣವೊಂದಿರುವುದೆಂಬ ತತ್ತ್ವವನ್ನು ಸ್ಥಾಪಿಸಿದನು. ಬೀಗ ಬದಲಾದರೆ ಕೀಲಿಕೈಯೂ ಬದಲಾಗುವುದು. ಈ ಹೋರಾಟಕ್ಕೆ ಕೊನೆಯಿಲ್ಲ.

ಇಂದು ಈ ಸೀಮೆಯಲ್ಲಿ ಆ ಹೋರಾಟದ ಕಣವು ದಾಳಿಂಬೆಯ ತೋಟ. ಅಲ್ಪ ನೀರಿಗೆ ಒಗ್ಗಿಕೊಂಡು ಬಿಸಿಲನ್ನು ತಾಳುವ ಈ ಗಿಡವು ಕೊಳವೆಬಾವಿ, ಹನಿ ನೀರಾವರಿಗಳ ಆಸರೆಯಿಂದ ಕೆಂಪು ನೆಲದ ಹೊಲಗಳನ್ನು ಹೊಕ್ಕಿತು. ಪುಣೆಯಲ್ಲಿ ಚೀಮಾ ಎಂಬ ವಿಜ್ಞಾನಿಯು ೧೯೩೬ ರಲ್ಲಿ ಆರಿಸಿದ ‘ಗಣೇಶ’ ತಳಿಯೂ, ಅನಂತರ ಬಂದ ಕೆಂಗಾಳಿನ ‘ಭಗವಾ’ ತಳಿಯೂ ಒಣನಾಡಿನ ಒಕ್ಕಲಿಗನಿಗೆ ಸಿರಿಯ ಆಸೆಯನ್ನು ತೋರಿಸಿದವು. ಆದರೆ ೧೯೫೨ ರಲ್ಲಿ ದಿಲ್ಲಿಯಿಂದ ಮೊದಲಿಗೆ ವರದಿಯಾಗಿದ್ದ, ೧೯೯೧ ರಲ್ಲಿ ಬೆಂಗಳೂರಿನಿಂದಲೂ ವರದಿಯಾದ ದುಂಡಾಣು ಅಂಗಮಾರಿ ರೋಗವು, ೨೦೦೦ ದ ಅನಂತರದ ದಶಕದಲ್ಲಿ ಉತ್ತರ ಕರ್ನಾಟಕದ ತೋಟಗಳನ್ನು ಮಾರಿಯಂತೆ ಹೊಕ್ಕಿತು. ಎಲೆಯಲ್ಲಿ ನೀರು ಹೀರಿದಂತಹ ಚಿಕ್ಕ ಚುಕ್ಕೆ; ಅದು ಕಪ್ಪಾಗಿ ಎಲೆಯುದುರುವುದು. ಗಿಣ್ಣಿನ ಬಳಿ ಕೊಂಬೆಯು ಸೀಳಿ ಮುರಿಯುವುದು. ಕಾಯಿಯ ಮೇಲಣ ಕಲೆಯು ಕವಲು ಕವಲಾಗಿ ಬಿರಿಯುವುದು. ಸಾಲ ಮಾಡಿ ಬಾವಿ ತೋಡಿಸಿ, ಹಣ್ಣು ಮಾಗಲೆಂದು ಕಾದಿದ್ದವನು ಆ ತೋಟವನ್ನು ತನ್ನ ಕೈಯಿಂದಲೇ ಕಿತ್ತು ಸುಡಬೇಕಾಗಿ ಬಂದಾಗ ಅವನ ಮನೆಯ ದುಃಖವನ್ನು ಯಾವ ಅಂಕಿಸಂಖ್ಯೆಯೂ ಅಳೆಯಲಾರದು.

ಹೀಗಾಗಲು ಕಾರಣವೇನು? ದಾಳಿಂಬೆಯ ಸಸಿಗಳನ್ನು ಬೀಜದಿಂದಲ್ಲ, ಗೂಟಿ ಕಟ್ಟಿ ಬೆಳೆಸುತ್ತಾರೆ. ತೋಟದ ಸಾವಿರ ಗಿಡಗಳೂ ಒಂದೇ ಗಿಡದ ತುಂಡುಗಳಿದ್ದಂತೆ. ಒಂದು ಸೋತರೆ ಎಲ್ಲವೂ ಸೋಲುವವು. ಮೇಲಾಗಿ ರೋಗವು ಸಸಿಯೊಳಗೆ ಅಡಗಿ ಊರಿಂದೂರಿಗೆ ಪ್ರಯಾಣ ಮಾಡಿತು. ಸವರುವ ಕತ್ತರಿಯು ಗಿಡದಿಂದ ಗಿಡಕ್ಕೆ ಅದನ್ನು ಒಯ್ದಿತು. ಮುಂಗಾರಿನ ಸಿಡಿಹನಿಯು ಸಾಲಿಂದ ಸಾಲಿಗೆ ಹರಡಿತು. ಸೊಲ್ಲಾಪುರದಲ್ಲಿ ೨೦೦೫ ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರದ ಮುಖ್ಯ ಕಾರ್ಯಗಳಲ್ಲಿ ಈ ರೋಗದ ಪರಿಶೋಧನೆಯೂ ಒಂದು. ರೋಗರಹಿತವಾದ ಸಸಿ, ಕೊಯ್ಲಿನ ಬಳಿಕ ಗಿಡಕ್ಕೆ ವಿಶ್ರಾಂತಿ, ಉದುರಿದೆಲೆಗಳ ದಹನ, ಕತ್ತರಿಯ ಶುದ್ಧಿ, ನೂರು ಲೀಟರು ನೀರಿಗೆ ಒಂದೊಂದು ಕಿಲೋ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣ, ಮಳೆಗಾಲದ ಫಸಲನ್ನು ಬಿಟ್ಟು ಹಸ್ತ ಮಳೆಯ ಕಾಲಕ್ಕೆ ಹೂವು ಬಿಡಿಸುವ ಹಸ್ತ ಬಹಾರು, ಇವು ಒಕ್ಕಲಿಗನ ಕೈಯಲ್ಲಿರುವ ಆಯುಧಗಳು. ಇವೆಲ್ಲವೂ ಹೊರಗಿನ ಕಾವಲು. ಗಿಡದ ರಕ್ತಗತವಾದ ಬಲವಲ್ಲ.

ಆ ಬಲವನ್ನು ಸಂಪಾದಿಸುವುದು ಅಸಾಧ್ಯವಲ್ಲವೆಂಬುದನ್ನು ಬತ್ತದ ಪೈರು ತೋರಿಸಿಕೊಟ್ಟಿದೆ. ಬತ್ತಕ್ಕೂ ಇದೇ ಬ್ಯಾಕ್ಟೀರಿಯ ಕುಲದ ಒಂದು ಜಾತಿಯಿಂದ ಎಲೆ ಒಣಗುವ ರೋಗವುಂಟು. ಆಫ್ರಿಕದ ಕಾಡುಬತ್ತವೊಂದು ಆ ರೋಗವನ್ನು ಗೆಲ್ಲುವುದನ್ನು ಕಟಕದ ಸಂಶೋಧನಾಲಯದ ದೇವದತ್ತರು ೧೯೭೭ ರಲ್ಲಿ ಗುರುತಿಸಿದರು. ಅದರ ಗುಣವನ್ನು ಇನ್ನೆರಡು ಗುಣಗಳೊಡನೆ ಸಾಂಬಾ ಮಸೂರಿ ತಳಿಗೆ ಸೇರಿಸಿ, ಹೈದರಾಬಾದಿನ ವಿಜ್ಞಾನಿಗಳು ೨೦೦೮ ರಲ್ಲಿ ಹೊಸ ತಳಿಯನ್ನು ನಾಡಿಗೆ ಒಪ್ಪಿಸಿದರು. ಮೂರು ದಶಕಗಳ ತಾಳ್ಮೆಯ ಫಲವದು. ಬತ್ತವಾದರೋ ವರ್ಷಕ್ಕೆ ಎರಡು ಸಲ ಬೆಳೆಯುವ ಪೈರು. ದಾಳಿಂಬೆಯು ವರ್ಷಗಟ್ಟಲೆ ಬೆಳೆಯುವ ಗಿಡ. ಅದಕ್ಕೆ ಇನ್ನೂ ದೀರ್ಘವಾದ ತಾಳ್ಮೆಯು ಬೇಕಾದೀತು.

ಜವಾರಿ ಹತ್ತಿಯಲ್ಲಿ, ಕಾಡುಬತ್ತದಲ್ಲಿ ನಿಸರ್ಗವು ಬಚ್ಚಿಟ್ಟಿದ್ದ ರಕ್ಷಣೆಯ ಗುಟ್ಟು ಅವು ಅಳಿದಿದ್ದರೆ ಯಾರಿಗೂ ದೊರೆಯುತ್ತಿರಲಿಲ್ಲ. ಬರಗಾಲಕ್ಕಾಗಿ ಹಗೇವಿನಲ್ಲಿ ಜೋಳವನ್ನು ಕೂಡಿಟ್ಟ ಹಿರಿಯರ ಸೀಮೆಯಿದು. ಇಂದಿನ ಬೆಳೆಗೆ ಬೆಲೆಯಿಲ್ಲವೆಂದು ಹಳೆಯ ತಳಿಗಳನ್ನು ತೊರೆದುಬಿಡುವವನು ಮುಂದಿನ ಪೀಳಿಗೆಯ ಹಗೇವನ್ನು ಬರಿದುಮಾಡಿದಂತೆ ಆಗುವುದು.