ಗಡಿಯಾರದವರು ಮಾಡಿದ ಮೀನಿನ ರೀಲು

ಅಕ್ಕಾರ, ವೈನಿಯರ, ಮೀನಿನ ಮಾತು ಅಂದಕೂಡಲೇ ಮೂಗು ಮುರೀಬ್ಯಾಡ್ರಿ. ನಮ್ಮ ಮನ್ಯಾಗ ಹಬ್ಬದ ದಿನ ಬಳ್ಳೊಳ್ಳಿನೂ ಒಳಗ ಬರೂದಿಲ್ಲ, ನಿಮಗ ಗೊತ್ತೇ ಅದ. ಆದ್ರೂ ಈ ಸಲ ಮೀನು ಹಿಡಿಯೋ ರೀಲಿನ ಚರಿತ್ರಿ ಬರೀಲಿಕ್ಕೆ ಕೂತೀನಿ. ಅದಕ್ಕ ಕಾರಣ ನಮ್ಮ ಮನಿಯವರು.

ಇವರು ಮೂವತ್ತೆರಡು ವರ್ಷ ವಾಚ್ ರಿಪೇರಿ ಮಾಡಿದವರು. ಎಲ್ಲಾರ ಕೈಯಾಗ ಮೊಬೈಲ್ ಬಂದಮ್ಯಾಲ ಗಿರಾಕಿ ಕಡಿಮಿ ಆದ್ರು, ಹೋದ ವರ್ಷ ಅಂಗಡಿ ಮುಚ್ಚಿದ್ರು. ಅವತ್ತಿನಿಂದ ಮಾತೂ ಕಡಿಮಿ, ಊಟಾನೂ ಕಡಿಮಿ. ಮಗಳ ಬಾಣಂತನಕ್ಕಂತ ಸ್ವೀಡನ್ನಿಗೆ ಹೋದ್ವಿ. ಅಲ್ಲೂ ಕಿಡಕಿ ಮುಂದ ಸುಮ್ನ ಕೂತಿರ್ತಿದ್ರು. ನನಗ ಒಳಗಿಂದೊಳಗ ಭಯ.

ನಮ್ಮ ಅಳಿಯಂದಿರಿಗೆ ಅಲ್ಲಿ ಪೈಕ್ ಮೀನಿನ ಹುಚ್ಚು ಹತ್ತೇದ. ಅದರ ಬಾಯಿ ಬಾತುಕೋಳಿ ಕೊಕ್ಕಿನಂಗ ಚಪ್ಪಟಿ, ಒಳಗ ಸೂಜಿಯಂಥಾ ಹಲ್ಲು. ಹಲ್ಲಿಗೆ ದಾರ ಕತ್ತರಿಸಬಾರದಂತ ಗಾಳದ ಹತ್ರ ತಂತಿ ಕಟ್ತಾರ. ಹತ್ತು ಕಿಲೊ ದಾಟಿದ್ರ ದೊಡ್ಡದಂತ. 1986ರಾಗ ಜರ್ಮನಿಯೊಳಗ 25 ಕಿಲೊದ್ದು ಸಿಕ್ಕದ, ಅದು ಜಾಗತಿಕ ದಾಖಲಿ. ಇನ್ನೊಂದು ಕೇಳ್ರಿ: ಅಷ್ಟು ದೊಡ್ಡವು ಇರೂದು ಹೆಣ್ಣುಮೀನೇ, ಗಂಡು ಸಣ್ಣವು! ಅಳಿಯ ಹಿಡೀತಾರ, ತೂಕ ನೋಡ್ತಾರ, ಹೊಳ್ಳಿ ನೀರಿಗೆ ಬಿಡ್ತಾರ. ಹಂಗಾಗಿ ನನಗೂ ಸಮಾಧಾನ.

ಅವರ ರೀಲು ಕೆಟ್ಟಿತ್ತು. "ಮಾಮಾ, ಹೊಸಾದು ತೊಗೋಬೇಕು, ಯಾವುದು ತೊಗೊಳ್ಳಿ?" ಅಂತ ಇವರನ್ನ ಕೇಳಿದ್ರು. "ನನಗೇನು ತಿಳೀತದಪಾ" ಅಂದ್ರು ಇವರು. ಆಗ ಅಳಿಯ ಅದರ ಕಥಿ ಹೇಳಿದ್ರು.

ರೀಲು ಬಾಳ ಹಳೇದು. ಚೀನಾದ ಮಾ ಯುವಾನ್ ಅನ್ನೋ ಚಿತ್ರಕಾರ 1195ರ ಸುಮಾರು ಬರೆದ ಚಿತ್ರದಾಗ, ದೋಣ್ಯಾಗ ಕೂತ ಒಬ್ಬನ ಕೋಲಿಗೆ ರೀಲು ಕಾಣ್ತದ. ಆದ್ರ ಅದು ದಾರ ಸುತ್ತಿ ಇಡೋ ಗಾಲಿ ಅಷ್ಟೇ. 1800ರ ನಂತರದ ಮೊದಲ ದಶಕಗಳೊಳಗ ಅಮೆರಿಕದ ಕೆಂಟಕಿಯ ಪ್ಯಾರಿಸ್ ಅನ್ನೋ ಊರಾಗ ಜಾರ್ಜ್ ಸ್ನೈಡರ್ ಅಂತ ಒಬ್ಬಾತ ಗೇರಿನ ರೀಲು ಮಾಡಿದ. ಹಿಡಿಕಿ ಒಂದು ಸುತ್ತು ತಿರುವಿದ್ರ ಗಾಲಿ ಹಲವು ಸುತ್ತು ತಿರಗತದ. ಆತನ ಉದ್ಯೋಗ ಏನು? ಗಡಿಯಾರ ಮತ್ತ ಬೆಳ್ಳಿ ಕೆಲಸ! ಆಮ್ಯಾಲ ಅಂಥಾ ರೀಲಿಗೆ ಹೆಸರಾದ ಮೀಕ್ ಸಹೋದರರೂ ಗಡಿಯಾರದವರೇ. ಗಡಿಯಾರದಾಗ ಗಾಲಿಗೆ ಗಾಲಿ ಕೂಡಿಸೋ ಕೈ ಇದ್ದವರಿಗೇ ಅದು ಸಾಧ್ಯ ಆತು.

ಹೊಲಿಗಿ ಮಷೀನಿನ ಬಾಬಿನ್ನಿಗೆ ದಾರ ಸುತ್ತುವಾಗ ಒಂದೇ ಕಡೆ ಗುಪ್ಪಿ ಆದ್ರ ಏನಾಗ್ತದ, ನಿಮಗ ಗೊತ್ತು. ರೀಲಿನ್ಯಾಗೂ ಅದೇ ತ್ರಾಸ. ಮಿಶಿಗನ್ನಿನ ವಿಲಿಯಂ ಶೇಕ್ಸ್‌ಪಿಯರ್ ಅನ್ನವರು (ನಾಟಕದವರಲ್ಲ!) ದಾರ ಅತ್ತಿತ್ತ ಸರಿದು ತಾನೇ ಸಮ ಸುತ್ತೋ ಏರ್ಪಾಡು ಮಾಡಿ, 1897ರಾಗ ಕಂಪನಿ ತೆಗೆದ್ರು.

ಸ್ವೀಡನ್ನಿನ ಸ್ವೆಂಗ್ಸ್ತಾ ಊರಿನೊಳಗ 1921ರಾಗ ಕಾರ್ಲ್ ಆಗಸ್ಟ್ ಬೋರ್ಗ್‌ಸ್ಟ್ರೋಮ್ ಒಂದು ಕಾರ್ಖಾನಿ ತೆಗೆದ್ರು. ಅದರ ಹೆಸರಿನ ಅರ್ಥ 'ಗಡಿಯಾರ ಕಾರ್ಖಾನಿ', ಗಿಡ್ಡಕ್ಕ ಆಬು. ಕಿಸೆ ಗಡಿಯಾರ, ಆಮ್ಯಾಲ ಟ್ಯಾಕ್ಸಿ ಮೀಟರ್ ಮಾಡ್ತಿದ್ರು. ಎರಡನೇ ಮಹಾಯುದ್ಧ ಬಂದು ಮೀಟರ್ ಕೇಳವರು ಕಡಿಮಿ ಆದಾಗ, ಅವರ ಮಗ ಕೈ ಕಟ್ಟಿ ಕೂಡಲಿಲ್ಲ, ಅದೇ ಕೆಲಸಗಾರರನ್ನ ಮೀನಿನ ರೀಲಿಗೆ ಹಚ್ಚಿದ್ರು. 1952ರಾಗ ಅಂಬಾಸಡರ್ 5000 ಅನ್ನೋ ಕೆಂಪು ರೀಲು ಬಂತು. ಗಾಳ ಬೀಸಿದಾಗ ಹಿಡಿಕಿ ತಿರುಗೂದಿಲ್ಲ, ಗಾಲಿ ಅಷ್ಟೇ. ಅದು ಜೋರಾಗಿ ತಿರುಗಿ ದಾರ ಗಂಟಾಗಬಾರದಂತ ಒಳಗ ಸಣ್ಣ ತುಂಡುಗಳು ಹೊರಗ ಸರಿದು ಅಂಚಿಗೆ ಉಜ್ಜಿ ತಡೀತಾವ.

ಇವರು ಅಷ್ಟೊತ್ತು ಸುಮ್ನ ಕೇಳಿದ್ರು. ಆಮ್ಯಾಲ ಅಂದ್ರು, "ಹಂಗಾದ್ರ ಹೊಸಾದು ಬ್ಯಾಡ. ಹಳೇದು ಸಿಕ್ಕರ ತೊಗೊಂಡು ಬಾ, ನೋಡೂಣು."

ಹಳೇ ಸಾಮಾನಿನ ಅಂಗಡ್ಯಾಗ ಅಂಥಾದೊಂದು ಸಿಕ್ತು. ಒಳಗಿನ ಗ್ರೀಸು ಒಣಗಿ ಮೇಣ ಆಗಿತ್ತು. ಇವರು ಬಿಳಿ ಅರಬಿ ಹಾಸಿ, ತಿರುಪು ಒಂದೊಂದೇ ಬಿಚ್ಚಿ ಸಾಲಾಗಿ ಇಟ್ರು. ಮೂರು ತಾಸು ಎದ್ದಿಲ್ಲ. ನಾನು ಚಹಾ ಇಟ್ಟೆ, ಆರಿಹೋತು. ಕಡಿಗೆ ಗಾಲಿ ತಿರುವಿ ಕಿವಿಗೆ ಹಿಡಕೊಂಡ್ರು, ವಾಚಿಗೆ ಹಿಡೀತಿದ್ರಲ್ಲ, ಹಂಗ. "ಕೇಳು," ಅಂತ ನನ್ನ ಕಿವಿಗೂ ಹಿಡಿದ್ರು. ವರ್ಷದ ಮ್ಯಾಲ ಇವರ ಮುಖದಾಗ ನಗಿ ನೋಡಿದೆ.

ಆರಿಸೂದು ಹೆಂಗ ಅಂತ ಇವರೇ ಅಳಿಯಗ ಹೇಳಿದ್ರು: ದೊಡ್ಡ ಮೀನಿಗೆ ಭಾರದ ಗಾಳ ಬೀಸಬೇಕು, ಅದಕ್ಕ ಗೇರು ಗಟ್ಟಿ ಬೇಕು, ದಪ್ಪ ದಾರ ಹಿಡಸಬೇಕು, ಮೀನು ಎಳದಾಗ ದಾರ ಜಗ್ಗದಂಗ ಮೆಲ್ಲಕ ಬಿಡಬೇಕು. ಬಿಚ್ಚಲಿಕ್ಕೆ ಬರೂದನ್ನೇ ತೊಗೋಬೇಕು. ಬಿಚ್ಚಲಿಕ್ಕೆ ಬರದ್ದು ಕೆಟ್ಟರ ಕಸಕ್ಕೇ ಹೋಗ್ತದ.

ಊರಿಗೆ ಬಂದಮ್ಯಾಲ ಪಡಸಾಲಿ ಮೂಲ್ಯಾಗ ಟೇಬಲ್ ಹಾಕ್ಯಾರ. ಅಂಗಡಿ ಅಲ್ಲ, ಬೋರ್ಡೂ ಇಲ್ಲ. ನಿಮ್ಮ ಮನ್ಯಾಗ ನಿಂತಹೋದ ಗಡಿಯಾರ ಇದ್ರ, ಹೊಲಿಗಿ ಮಷೀನು ಬಿಗದಿದ್ರ, ಸಂಜಿಮುಂದ ತೊಗೊಂಡು ಬರ್ರಿ. ರೊಕ್ಕದ ಮಾತು ಆಮ್ಯಾಲ. ಚಹಾ ನಾನು ಮಾಡ್ತೀನಿ.